ಶರೀಫಜ್ಜನ ಪದ ಸಮುದ್ರ ದಾಟಿತು, ನಮ್ಮ ಹುಡುಗರ ಪದ ಗುಮ್ಮಟ ದಾಟಲಿಲ್ಲ

'ಇಂಡಿ ಬ್ಯಾಂಡ್' ಎಂಬ ಮಾತು ಕಿವಿಗೆ ಬಿದ್ದರೆ ವಿಜಯಪುರದ ಮಂದಿ ಮೊದಲು ಕೇಳುವುದು, "ಇಂಡಿ ತಾಲೂಕಿನವರೇನ್ರೀ?" ಎಂದು. ನಿಂಬೆಹಣ್ಣಿನ ಇಂಡಿಗೂ ಈ ಇಂಡಿಗೂ ಸಂಬಂಧವಿಲ್ಲ. ಇಂಡಿಪೆಂಡೆಂಟ್ ಎಂಬ ಉದ್ದ ಇಂಗ್ಲಿಷ್ ಶಬ್ದವನ್ನು ಪ್ಯಾಟಿ ಹುಡುಗರು ಕತ್ತರಿಸಿ ಇಂಡಿ ಮಾಡಿಕೊಂಡಿದ್ದಾರೆ. ಸಿನಿಮಾದವರ ಹಂಗಿಲ್ಲದೆ, ದೊಡ್ಡ ಕಂಪನಿಯ ಅಪ್ಪಣೆಗೆ ಕಾಯದೆ, ತಮ್ಮ ಪದ ತಾವೇ ಕಟ್ಟಿ ತಾವೇ ಹಾಡುವ ತಂಡ ಎಂದು ಅರ್ಥ. ಆದರೂ ಆ ಪ್ರಶ್ನೆ ಪೂರಾ ತಪ್ಪಲ್ಲ. ಯಾಕೆಂಬುದು ಮುಂದೆ ಬರುತ್ತದೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆಯಿಂದ ಶುರುವಾದರೆ ಯುಗಾದಿ ದಾಟುವ ತನಕ ಜಿಲ್ಲೆಯಲ್ಲಿ ಒಂದಿಲ್ಲೊಂದು ಊರಿನ ಜಾತ್ರೆ ಇದ್ದೇ ಇರುತ್ತದೆ. ಟಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ಚೆನ್ನಾಗಿ ಬಂದು ಮಣೂಕಿನ ರೊಕ್ಕ ಕೈಸೇರಿದ ವರ್ಷ ಸ್ಟೇಜು ಒಂದು ಮೊಳ ಎತ್ತರವಾಗುತ್ತದೆ, ಸ್ಪೀಕರಿನ ಡಬ್ಬಿ ನಾಲ್ಕು ಹೆಚ್ಚಾಗುತ್ತವೆ. ಗೋಡೆಯ ಮೇಲೆ 'ಭರ್ಜರಿ ರಸಮಂಜರಿ' ಎಂಬ ಪೋಸ್ಟರು. ರಾತ್ರಿ ಒಂಬತ್ತಕ್ಕೆ ಶುರುವಾದ ಆರ್ಕೆಸ್ಟ್ರಾ ಬೆಳತನಕ ನಡೆಯುತ್ತದೆ. ಅಷ್ಟು ತಾಸು ಹಾಡಿದ ಹಾಡುಗಳಲ್ಲಿ ಹಾಡಿದವರ ಸ್ವಂತದ್ದು ಎಷ್ಟು? ಒಂದೂ ಇಲ್ಲ. ಎಲ್ಲವೂ ಸಿನಿಮಾದವು. ಆರ್ಕೆಸ್ಟ್ರಾದವರ ತಪ್ಪೇನೂ ಇಲ್ಲ, ಕಮಿಟಿಯವರು ಕೇಳುವುದೇ ಅದನ್ನು. ಸ್ವಂತ ಪದ ಕಟ್ಟುವ ಹುಡುಗ ನಮ್ಮ ಜಿಲ್ಲೆಯಲ್ಲಿ ಇಲ್ಲವೇ ಇಲ್ಲವೆಂದಲ್ಲ. ಅವನಿಗೆ ಸ್ಟೇಜಿಲ್ಲ.

ಸ್ಟೇಜು ಸಿಕ್ಕವರ ಕಥೆ ಏನಾಯಿತು ಎಂದು ನೋಡಬೇಕಾದರೆ ಮೈಸೂರು ಕಡೆಯ ರಘು ದೀಕ್ಷಿತರನ್ನು ನೋಡಬೇಕು. ಕರ್ನಾಟಕದ ಬ್ಯಾಂಡಿನವರಲ್ಲಿ ಅವರಷ್ಟು ದೂರ ಹೋದವರು ಇಲ್ಲ ಎಂದರೆ ಅತಿಶಯೋಕ್ತಿಯಾಗಲಾರದು.

1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಮನೆ ಮಡಿವಂತರದ್ದು. ಕಲಿತದ್ದು ಭರತನಾಟ್ಯ, ಓದಿದ್ದು ಸೂಕ್ಷ್ಮಜೀವಿ ಶಾಸ್ತ್ರ, ಅದರಲ್ಲಿ ಎಂ.ಎಸ್ಸಿ. ಬಂಗಾರದ ಪದಕ. ಗಿಟಾರು ಕೈಗೆ ಬಂದದ್ದು ಕಾಲೇಜಿನಲ್ಲಿ ಗೆಳೆಯನ ಜೊತೆ ಕಟ್ಟಿದ ಪಂಥಕ್ಕೆ. ಹುಡುಗರ ಪಂಥ ಹೆಚ್ಚಾಗಿ ಹೋಟೆಲಿನ ಬಿಲ್ಲಿಗೆ ಮುಗಿಯುತ್ತದೆ. ಇದು ಜೀವನಕ್ಕೇ ಬಂತು. ತೊಂಬತ್ತರ ದಶಕದ ಕೊನೆಗೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ನಡುವೆ ಬೆಲ್ಜಿಯಂ ದೇಶದಲ್ಲಿ ಔಷಧ ಕಂಪನಿಯ ನೌಕರಿ. ಅಲ್ಲಿಯ ರೇಡಿಯೋದಲ್ಲಿ ತಮ್ಮ ಹಾಡು ಬಂದದ್ದು ಕೇಳಿ ನೌಕರಿಗೆ ಶರಣು ಹೊಡೆದು ಬೆಂಗಳೂರಿಗೆ ಬಂದರು.

ಬಂದ ಕೂಡಲೇ ಹಾರ ಹಾಕಿದವರು ಯಾರೂ ಇಲ್ಲ. ಕ್ಯಾಸೆಟ್ ಕಂಪನಿಗಳ ಬಾಗಿಲು ತಟ್ಟಿ ತಟ್ಟಿ ವರ್ಷಗಳೇ ಹೋದವು. ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಕಲಸಿದ ಹಾಡು, ಅದರಲ್ಲೂ ತತ್ತ್ವಪದ, ಹಾಡುವವನು ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿದವನು. ಇದನ್ನು ಯಾವ ಕಪಾಟಿನಲ್ಲಿ ಇಟ್ಟು ಮಾರುವುದು? ಕಡೆಗೆ 2008ರಲ್ಲಿ ಮುಂಬಯಿಯ ಸಿನಿಮಾ ಸಂಗೀತಗಾರರಾದ ವಿಶಾಲ್–ಶೇಖರ್ ತಮ್ಮದೇ ಹೆಸರಿನ ಕಂಪನಿಯಿಂದ ಮೊದಲ ಆಲ್ಬಂ ಹೊರತಂದರು. ಎಂಟು ಹಾಡು. ಅವುಗಳಲ್ಲಿ ಎರಡು ಶಿಶುನಾಳ ಶರೀಫರವು, 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'.

ಈ ಎರಡು ಪದ ನಮ್ಮ ಭಜನಾ ಮೇಳದವರಿಗೆ ಹೊಸವೇನೂ ಅಲ್ಲ. ಅಮಾವಾಸ್ಯೆ ರಾತ್ರಿ ಗುಡಿಯ ಕಟ್ಟೆಯ ಮೇಲೆ ಪೇಟಿ, ತಾಳ, ತಬಲಾ ಇಟ್ಟುಕೊಂಡು ಇವನ್ನು ಹಾಡದ ಊರು ಈ ಕಡೆ ಸಿಗುವುದು ಕಷ್ಟ. ಹಾಡುವವರು ಬೆಳಗಾದರೆ ಹೊಲಕ್ಕೆ ಹೋಗುವವರು. ಹಾಡಿಗೆ ರೊಕ್ಕ ಕೇಳಿದವರಲ್ಲ, ಕೊಟ್ಟವರೂ ಇಲ್ಲ. ಅದೇ ಪದ 2010ರಲ್ಲಿ ಲಂಡನ್ನಿನ ಬಿಬಿಸಿ ಟಿ.ವಿ.ಯ ಜೂಲ್ಸ್ ಹಾಲೆಂಡ್ ಅವರ ಸಂಗೀತ ಕಾರ್ಯಕ್ರಮದ ತನಕ ಹೋದ ತಂಡದ ಪದವಾಯಿತು. ಅದರ ಬೆನ್ನಿಗೇ ಆಲ್ಬಂ ಬ್ರಿಟನ್ನಿನ ಐಟ್ಯೂನ್ಸ್ ವಿಶ್ವಸಂಗೀತ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2011ರಲ್ಲಿ ಗ್ಲಾಸ್ಟನ್‌ಬರಿ ಎಂಬ ಮಹಾಜಾತ್ರೆಯಲ್ಲಿ ತಂಡ ಹಾಡಿತು. ಅದೇ ವರ್ಷ ಸಾಂಗ್‌ಲೈನ್ಸ್ ಪತ್ರಿಕೆಯ ಹೊಸಬರ ಪ್ರಶಸ್ತಿಯೂ ಬಂತು. ಗ್ಲಾಸ್ಟನ್‌ಬರಿ ಎಂದರೆ ಗದ್ದೆಯೊಳಗೆ ಡೇರೆ ಹೊಡೆದು, ಮಳೆ ಬಂದರೆ ಕೆಸರಿನಲ್ಲಿ ಹೂತು ಹಾಡು ಕೇಳುವ ಜಾತ್ರೆ. ಕೆಸರಿನ ಮಟ್ಟಿಗೆ ನಮ್ಮ ಎರಿ ಹೊಲದವರಿಗೆ ಅದು ಪರದೇಶವೆನಿಸದು.

ಇಷ್ಟೆಲ್ಲ ಆದರೂ ನಮ್ಮ ಹಳ್ಳಿಗಳಲ್ಲಿ ರಘು ದೀಕ್ಷಿತ್ ಯಾರು ಎಂದರೆ ಗ್ಲಾಸ್ಟನ್‌ಬರಿ ಯಾರಿಗೂ ನೆನಪಾಗುವುದಿಲ್ಲ. "ಮಾದೇಶ್ವರನ ಹಾಡಿನವರಲ್ಲೇನ್ರೀ" ಎನ್ನುತ್ತಾರೆ. ಆ ಹಾಡು ಬಂದದ್ದು 2008ರ 'ಸೈಕೋ' ಎಂಬ ಸಿನಿಮಾದಲ್ಲಿ. ಆ ಸಿನಿಮಾ ನೋಡಿದವರನ್ನು ಹುಡುಕಬೇಕು, ಹಾಡು ಕೇಳದವರನ್ನೂ ಹುಡುಕಬೇಕು. ಮುಂದೆ 2010ರಲ್ಲಿ 'ಜಸ್ಟ್ ಮಾತ್ ಮಾತಲ್ಲಿ', 2011ರಲ್ಲಿ ಹಿಂದಿಯ 'ಮುಝ್‌ಸೆ ಫ್ರೆಂಡ್‌ಶಿಪ್ ಕರೋಗೆ' ಚಿತ್ರಗಳಿಗೂ ಅವರೇ ಸಂಗೀತ ಕೊಟ್ಟರು. ಸಿನಿಮಾದ ಹಂಗು ಬೇಡವೆಂದು ಹೊರಟವರನ್ನು ಊರಿಗೆ ಪರಿಚಯ ಮಾಡಿಸಿದ್ದು ಸಿನಿಮಾ. ಇದರಲ್ಲಿ ಅವರನ್ನು ಹಂಗಿಸುವ ಮಾತಿಲ್ಲ. ಎರಡನೆಯ ಆಲ್ಬಂ 'ಜಗ್ ಚಂಗಾ' ಬಂದದ್ದು 2013ರಲ್ಲಿ, ಮೊದಲಿನದಾದ ಐದು ವರ್ಷಕ್ಕೆ. ಈ ಐದು ವರ್ಷ ಹೊಟ್ಟೆ ಏನು ತಿನ್ನಬೇಕು?

ಇಲ್ಲಿ ಹೊಟ್ಟೆಯ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳಿತು. ಬ್ಯಾಂಡಿನವರು ಸಿ.ಡಿ. ಮಾರಿ ಬದುಕುತ್ತಾರೆಂಬುದು ಸುಳ್ಳು. ಸಿ.ಡಿ. ಇದ್ದ ಕಾಲಕ್ಕೂ ಸುಳ್ಳು, ಮೊಬೈಲಿನಲ್ಲಿ ಪುಕ್ಕಟೆ ಕೇಳುವ ಈ ಕಾಲಕ್ಕಂತೂ ದೊಡ್ಡ ಸುಳ್ಳು. ಬದುಕುವುದು ಕಾರ್ಯಕ್ರಮದ ಮೇಲೆ. ಬೆಂಗಳೂರಿನಲ್ಲಿ ಕಾಲೇಜುಗಳ ಹಬ್ಬ, ಸಾಫ್ಟ್‌ವೇರ್ ಕಂಪನಿಗಳ ವಾರ್ಷಿಕ ಔತಣ, ರಾತ್ರಿ ಹೋಟೆಲುಗಳು ಇವೆ. ಬಂದ ರೊಕ್ಕದಲ್ಲಿ ಐದಾರು ಮಂದಿಯ ಪಾಲು, ಸೌಂಡಿನವನ ಪಾಲು, ಗಾಡಿ ಬಾಡಿಗೆ, ವಾದ್ಯಗಳ ರಿಪೇರಿ. ಉಳಿದದ್ದರಲ್ಲಿ ಮುಂದಿನ ಹಾಡಿನ ಧ್ವನಿಮುದ್ರಣ. ಇಂಥ ರೊಕ್ಕದ ಬಾವಿ ವಿಜಯಪುರದಲ್ಲಿ ಇಲ್ಲ. ಇಲ್ಲಿ ಇರುವುದು ಜಾತ್ರೆ, ಗಣೇಶ ಹಬ್ಬ, ಮದುವೆ, ಸರ್ಕಾರಿ ಉತ್ಸವ. ನಾಲ್ಕಕ್ಕೂ ಬೇಕಾದದ್ದು ಸಿನಿಮಾ ಹಾಡು. ಹಿಂಗಾಗಿ ಬೆಂಗಳೂರಿನ ಬ್ಯಾಂಡಿಗೂ ನಮ್ಮ ಹುಡುಗರಿಗೂ ಇರುವ ಅಂತರ ಪ್ರತಿಭೆಯದ್ದು ಎಂದು ತಿಳಿದರೆ ಮೋಸಹೋದಂತೆ. ಅದು ಗಿರಾಕಿಯ ಅಂತರ.

ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಎಂಬ ತಂಡ 1996ರಿಂದ ಇದೆ. ಅವರಂಥ ಹಳೆಯ ಹುಲಿಗಳೂ ಕಡೆಗೆ ಸಂಗೀತ ಶಾಲೆ ತೆಗೆದು ಮಕ್ಕಳಿಗೆ ಗಿಟಾರು, ಡ್ರಮ್ಮು ಕಲಿಸಲು ನಿಂತರು. ಪಾಠದ ಫೀ ತಿಂಗಳಿಗೊಮ್ಮೆ ಬರುತ್ತದೆ, ಚಪ್ಪಾಳೆಗೆ ತಾರೀಖಿಲ್ಲ.

ರಘು ಅವರ ತಮ್ಮ ವಾಸು ದೀಕ್ಷಿತರ ದಾರಿ ಇನ್ನೊಂದು. 'ಸ್ವರಾತ್ಮ' ಎಂಬ ತಂಡ 2002ರಲ್ಲಿ ಹುಟ್ಟಿತು. 2006ರಲ್ಲಿ ಖಾಸಗಿ ರೇಡಿಯೋದವರು ನಡೆಸಿದ ಸ್ಪರ್ಧೆ ಗೆದ್ದು ಹೆಸರಾಯಿತು. 2009ರಲ್ಲಿ ಮೊದಲ ಆಲ್ಬಂ, ಅದೇ ವರ್ಷ ಬ್ರಿಟಿಷ್ ಕೌನ್ಸಿಲ್ ಯೋಜನೆಯಡಿ ಇಂಗ್ಲೆಂಡ್ ಪ್ರವಾಸ. 2012ರಲ್ಲಿ 'ಟೋಪಿವಾಲೇ', ಟೋಪಿ ಹಾಕುವ ರಾಜಕಾರಣಿಗಳನ್ನು ಜರೆದದ್ದು. 2018ರಲ್ಲಿ 'ರಾಹ್-ಎ-ಫಕೀರಾ'. ಸ್ಟೇಜಿನ ಮೇಲೆ ನಮ್ಮ ಕೀಲುಕುದುರೆಯ ಥರದ ಕುದುರೆ ವೇಷ ಬೇರೆ. ಇವರ ತಂಡ ಯಾರೊಬ್ಬರ ಹೆಸರಿನದಲ್ಲ. ಡ್ರಮ್ ಬಾರಿಸುವ ಮಾಂಟ್ರಿ ಮ್ಯಾನುಯೆಲ್ ಗುಜರಿ ಸಾಮಾನಿನಿಂದ ವಾದ್ಯ ಮಾಡಿಕೊಂಡು 'ತಾಳವಟ್ಟಂ' ಎಂಬ ಬೇರೆ ಪ್ರಯೋಗವನ್ನೇ ಕಟ್ಟಿದರು. ವಾದ್ಯಕ್ಕೆ ರೊಕ್ಕವಿಲ್ಲ ಎಂದು ಕೈಕಟ್ಟಿ ಕೂತ ಹುಡುಗರು ಇದನ್ನು ನೋಡಬೇಕು.

ಸ್ವರಾತ್ಮದವರ 'ಪ್ಯಾಸಿ' ಎಂಬ ಹಾಡು ಕಾವೇರಿಯ ಬಾಯಿಂದ ಬಂದದ್ದು. ಹೊಳೆಯೇ ಬಾಯಾರಿದೆ ಎಂಬ ಭಾವ. ಅದನ್ನು ಕೇಳಿದಾಗ ಈ ಕಡೆಯವರಿಗೆ ಬರಬೇಕಾದ ಪ್ರಶ್ನೆ, ನಮ್ಮ ಕೃಷ್ಣೆಯ ಹಾಡು ಎಲ್ಲಿ? ಡೋಣಿ ಬೆಳೆದರೆ ಓಣಿಯೆಲ್ಲ ಕಾಳು ಎಂಬ ಗಾದೆ ಇದ್ದ ನಾಡಿದು. ಆಲಮಟ್ಟಿಯ ಹಿನ್ನೀರಿನಲ್ಲಿ ಊರಿಗೆ ಊರೇ ಮುಳುಗಿ, ಮನೆಗೆ ನಂಬರು ಬಿದ್ದು, ಜನ ಪುನರ್ವಸತಿ ಕೇಂದ್ರ ಸೇರಿದರು. ಅಣೆಕಟ್ಟಿನಲ್ಲಿ ನೀರಿನ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಾಧಿಕರಣ 2010ರಲ್ಲಿ ತೀರ್ಪು ಕೊಟ್ಟಿತು. ಅಂದಿನಿಂದ ಆ ನಾಲ್ಕೂವರೆ ಮೀಟರಿನ ಮೇಲೆ ಭಾಷಣವಾಗಿವೆ, ಧರಣಿಯಾಗಿವೆ. ಗಿಟಾರು ಹಿಡಿದವನೊಬ್ಬ ಅದನ್ನು ಪದ ಮಾಡಿ ಜಾತ್ರೆಯ ಸ್ಟೇಜಿನಲ್ಲಿ ಹಾಡಿದ್ದು ಕೇಳಬೇಕಾಗಿದೆ. ಸ್ವಂತ ಪದ ಕಟ್ಟುವವರಿಲ್ಲದ ಊರಿನ ಸಂಕಟಕ್ಕೆ ಬರೀ ಅರ್ಜಿಯೇ ಗತಿ.

ಇನ್ನು ಆ ಇಂಡಿಯ ಮಾತು. ಆಗಿನ ಇಂಡಿ ತಾಲೂಕಿನ ಹಲಸಂಗಿಯಲ್ಲಿ ಖಾಜಾಭಾಯಿ ಎಂಬ ಲಾವಣಿಕಾರ ಇದ್ದ. ಅದೇ ಸೀಮೆಯ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ ಮುಂತಾದ ಗೆಳೆಯರು ಹಳ್ಳಿಯ ಪದ ಕಲೆಹಾಕಿ 1931ರಲ್ಲಿ 'ಗರತಿಯ ಹಾಡು' ಹೊರತಂದರು. ಗೀಗೀ ಮೇಳ ಹೇಗಿರುತ್ತದೆ ನೋಡಿ. ಮುಂದೆ ನಿಂತು ಹಾಡುವವನೊಬ್ಬ, ಸೊಲ್ಲು ಹಿಡಿಯುವವರಿಬ್ಬರು, ದಪ್ಪು, ತುಂತುಣಿ, ತಾಳ. ಪದ ಮೇಳದ ಸ್ವಂತದ್ದು. ಎದುರು ಮೇಳ ಸವಾಲು ಹಾಕಿದರೆ ನಿಂತಲ್ಲೇ ಜವಾಬು ಕಟ್ಟಬೇಕು. ಹರದೇಶಿ–ನಾಗೇಶಿ ಜಿದ್ದು ಬೆಳಗಿನ ತನಕ. ಪದದ ಕಡೆಯ ನುಡಿಯಲ್ಲಿ ಊರಿನ ಹೆಸರು, ಕವಿಯ ಹೆಸರು ಬಂದೇ ಬರಬೇಕು. ಕಾನೂನು ಪುಸ್ತಕದಲ್ಲಿ ಕಾಪಿರೈಟ್ ಬರೆಯುವ ಮೊದಲೇ ನಮ್ಮವರು ಅದನ್ನು ಕಡೆಯ ನುಡಿಯಲ್ಲಿ ಹೊಲಿದಿಟ್ಟಿದ್ದರು. ಬೆಂಗಳೂರಿನವರು ಇಂಡಿ ಬ್ಯಾಂಡ್ ಎನ್ನುವುದಕ್ಕೂ ಇದಕ್ಕೂ ವಾದ್ಯದ ಫರಕು ಬಿಟ್ಟರೆ ಬೇರೆ ಏನಿದೆ? ಮೊಹರಮ್ಮಿನ ರಿವಾಯತ್ ಪದದವರೂ ಇದೇ ಜಾತಿಯ ಹಾಡುಗಾರರು. ಹಾಗಾಗಿ "ಇಂಡಿ ತಾಲೂಕಿನವರೇನ್ರೀ" ಎಂದು ಕೇಳಿದವನನ್ನು ನೋಡಿ ನಗಬಾರದು.

ಹಕ್ಕಿನ ಮಾತು ಬಂದದ್ದರಿಂದ ಮೇಳದವರೂ ಹುಡುಗರೂ ತಿಳಿಯಬೇಕಾದ ಎರಡು ಸಂಗತಿ. ಶರೀಫರು ತೀರಿಕೊಂಡದ್ದು 1889ರಲ್ಲಿ. ಕವಿ ತೀರಿದ 60 ವರ್ಷಕ್ಕೆ ಪದದ ಮೇಲಿನ ಹಕ್ಕು ಮುಗಿಯುತ್ತದೆಂದು ಈಗಿನ ಕಾಯ್ದೆ ಹೇಳುತ್ತದೆ. ಹೀಗಾಗಿ ಶರೀಫರ ಮಾತುಗಳನ್ನು ಯಾರು ಬೇಕಾದರೂ ಹಾಡಬಹುದು, ಮುದ್ರಿಸಬಹುದು. ಆದರೆ ಆ ಮಾತಿಗೆ ಈಗಿನವರು ಕೂಡಿಸಿದ ಹೊಸ ಧಾಟಿ ಹಾಗಲ್ಲ. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೆ ಸಿ. ಅಶ್ವಥ್ ಕೊಟ್ಟ ಸಂಗೀತ ಮನೆಮನೆ ಹೊಕ್ಕಿತು. ಅಶ್ವಥ್ ತೀರಿದ್ದು 2009ರ ಡಿಸೆಂಬರಿನಲ್ಲಿ. ಅವರ ಧಾಟಿಗಳ ಹಕ್ಕು ಇನ್ನೂ ಜೀವಂತ. ಮೇಳದವರು ಆ ಧಾಟಿಯಲ್ಲೇ ಹಾಡಿ ಯೂಟ್ಯೂಬಿಗೆ ಹಾಕಿ, ಕಂಪನಿಯ ನೋಟೀಸು ಬಂದಾಗ "ಶರೀಫಜ್ಜನ ಪದಕ್ಕೂ ಮಾಲಕರೇ?" ಎಂದು ಕೇಳಿದರೆ ಪ್ರಯೋಜನವಿಲ್ಲ. ತಾತ ಮುತ್ತಾತನ ಧಾಟಿಯಲ್ಲಿ ಹಾಡಿದರೆ ಯಾರ ಅಂಜಿಕೆಯೂ ಬೇಡ.

ಎರಡನೆಯದು, 2012ರ ತಿದ್ದುಪಡಿಯ ನಂತರ ಸಿನಿಮಾ ಹಾಡು ಬರೆದವರಿಗೂ ರಾಗ ಕಟ್ಟಿದವರಿಗೂ ರಾಯಲ್ಟಿಯಲ್ಲಿ ಪಾಲು ಖಾಯಂ. ಕಂಪನಿಗೆ ಬರೆದುಕೊಟ್ಟರೂ ಆ ಪಾಲು ಹೋಗುವುದಿಲ್ಲ. ಇದನ್ನು ವಸೂಲು ಮಾಡಿ ಹಂಚಲು ಮುಂಬಯಿಯಲ್ಲಿ ಐ.ಪಿ.ಆರ್.ಎಸ್. ಎಂಬ ಸಂಸ್ಥೆ 1969ರಿಂದ ಇದೆ. ಹಾಡು ಕಟ್ಟುವವರು ಅದರ ಸದಸ್ಯರಾಗಬಹುದು. ಬೆಂಗಳೂರಿನ ಬ್ಯಾಂಡಿನವರಿಗೆ ಈ ದಾರಿ ಗೊತ್ತು. ನಮ್ಮ ಕಡೆ ಪದ ಕಟ್ಟುವವರಿಗೆ ಇದರ ಹೆಸರು ಹೇಳಿದವರೇ ಕಡಿಮೆ.

ಹೇಳಬೇಕಾದ ಕಾಲ ಇದೇ. ಯಾಕೆಂದರೆ ಕೆಲವು ವರ್ಷಗಳಿಂದ ಬೆಳಗಾವಿ, ಬಾಗಲಕೋಟಿ, ವಿಜಯಪುರ ಭಾಗದಲ್ಲಿ 'ಜಾನಪದ ಸಾಂಗ್' ಎಂಬ ಹೊಸ ಬೆಳೆ ಎದ್ದಿದೆ. ಸ್ವಂತ ಮಾತು, ಸ್ವಂತ ಧಾಟಿ, ಸಣ್ಣ ಊರಿನ ಸಣ್ಣ ಸ್ಟುಡಿಯೋ, ನೇರ ಯೂಟ್ಯೂಬು. ಬೆಂಗಳೂರಿನ ಅಪ್ಪಣೆ ಕೇಳಿದವರಿಲ್ಲ. ಟ್ರ್ಯಾಕ್ಟರಿನಲ್ಲಿ, ಕಬ್ಬಿನ ಗಾಡಿಯಲ್ಲಿ ಅದೇ ಹಾಡು. ಬೆಳಗಾವಿ ಜಿಲ್ಲೆಯ ಮಾಳು ನಿಪನಾಳ 'ನಾ ಡ್ರೈವರ' ಹಾಡಿನಿಂದ ನಾಡಿಗೆಲ್ಲ ಪರಿಚಯವಾಗಿ 2025ರಲ್ಲಿ ಬಿಗ್ ಬಾಸ್ ಮನೆಯನ್ನೇ ಹೊಕ್ಕರು. ಇಂಡಿಪೆಂಡೆಂಟ್ ಎಂದರೆ ಇದಕ್ಕಿಂತ ಇಂಡಿಪೆಂಡೆಂಟ್ ಬೇರೆ ಇಲ್ಲ. ಬಹಳ ಹಾಡುಗಳಲ್ಲಿ ಕೈಕೊಟ್ಟ ಹುಡುಗಿಯ ಗೋಳೇ ಹೆಚ್ಚು, ಧಾಟಿಯೂ ಒಂದರಂತೆ ಇನ್ನೊಂದು, ಇದು ನಿಜ. ಆದರೂ ಕಟ್ಟುವವರ ಕೈ ಮತ್ತೆ ಓಡುತ್ತಿದೆಯಲ್ಲ, ಅದು ದೊಡ್ಡದು. ಆತಂಕ ಇರುವುದು ಬರವಣಿಗೆಯಲ್ಲಿ. ಪದ ಬರೆದವನಿಗೆ ಒಮ್ಮೆ ಒಂದಿಷ್ಟು ರೊಕ್ಕ ಕೈಗಿಟ್ಟು, ಹಾಡು ಚಾನೆಲಿನವನ ಹೆಸರಿಗೆ ಹೋಗುವ ಬಾಯಿಮಾತಿನ ವ್ಯವಹಾರ. ಹಾಡು ಕೋಟಿ ಸಲ ಓಡಿದರೂ ಬರೆದವನ ಮನೆಗೆ ಮತ್ತೊಂದು ಪೈಸೆ ಬಾರದಂಥ ಒಪ್ಪಂದಕ್ಕೆ ಹುಡುಗರು ನಗುನಗುತ್ತ ತಲೆಯಾಡಿಸುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಬಂತಲ್ಲ ಎಂಬ ಖುಷಿ.

ರಘು ದೀಕ್ಷಿತರ ಕಥೆಯಲ್ಲಿ ಒಂದು ಕಹಿ ಭಾಗವೂ ಇದೆ, ಅದನ್ನು ನುಂಗಿ ಬರೆಯುವುದು ಸರಿಯಲ್ಲ. 2018ರ ಅಕ್ಟೋಬರಿನಲ್ಲಿ ಗಾಯಕಿ ಚಿನ್ಮಯಿ ಶ್ರೀಪಾದ ಅವರು ಮಹಿಳೆಯರ ದೂರುಗಳನ್ನು ಬಹಿರಂಗಪಡಿಸಿದರು. ನಡೆದದ್ದು ಹೇಳಿದಂತೆಯೇ ಅಲ್ಲವೆಂದರೂ ರಘು ಬಹಿರಂಗವಾಗಿ ಕ್ಷಮೆ ಕೇಳಿದರು. ತಂಡ ಒಬ್ಬನ ಹೆಸರಿನಲ್ಲಿ ಇದ್ದಾಗ ಬೆಳಕೂ ಅವನದು, ಕತ್ತಲೆ ಮಾತ್ರ ಎಲ್ಲರದು. ನಮ್ಮ ಸ್ಟುಡಿಯೋಗಳಿಗೂ ಈ ಮಾತು ಹತ್ತುತ್ತದೆ. ಹೆಣ್ಣುಮಕ್ಕಳು ಒಬ್ಬರೇ ಬಂದು ಹಾಡಿ ಹೋಗುವಂತೆ ಬಾಗಿಲು ತೆರೆದ, ಮನೆಯವರು ಕೂಡಲು ಎರಡು ಕುರ್ಚಿ ಇಟ್ಟ ಸ್ಟುಡಿಯೋ ಈ ಕಡೆ ಎಷ್ಟಿವೆ? ತೊರವಿಯಲ್ಲಿ ಮಹಿಳಾ ವಿಶ್ವವಿದ್ಯಾಲಯ ಇಟ್ಟುಕೊಂಡ ಜಿಲ್ಲೆಗೆ ಈ ಪ್ರಶ್ನೆ ಬೇರೆಯವರು ಕೇಳುವ ಮೊದಲೇ ಬರಬೇಕಿತ್ತು. ಜಿಲ್ಲೆ ಇನ್ನೂ ಒಂದಾಗಿದ್ದ ಕಾಲಕ್ಕೆ ಬೀಳಗಿಯ ಅಮೀರಬಾಯಿ ಕರ್ನಾಟಕಿ ಹಾಡಲು ಮುಂಬಯಿಗೇ ಹೋಗಬೇಕಾಯಿತು. 1943ರ 'ಕಿಸ್ಮತ್' ಚಿತ್ರದ ಹಾಡುಗಳಿಂದ ದೇಶವೇ ಅವರನ್ನು ಗುರುತಿಸಿತು. ಎಂಬತ್ತು ವರ್ಷ ದಾಟಿದ ಮೇಲೂ ಹಾಡುವವರ ಗಂಟುಮೂಟೆ ರೈಲ್ವೆ ಸ್ಟೇಷನ್ನಿನ ಕಡೆಗೇ ಹೊರಡುತ್ತದೆ.

ತೊರವಿ ಎಂದ ಮೇಲೆ ನವರಸಪುರ ಬಿಟ್ಟರೆ ಆದೀತೆ? ಎರಡನೇ ಇಬ್ರಾಹಿಂ ಆದಿಲಶಾಹಿ 1599ರಲ್ಲಿ ಹಾಡಿಗೆಂದೇ ಅಲ್ಲಿ ಊರು ಕಟ್ಟಲು ಹೊರಟವ. ತಾನೇ ಪದ ಬರೆದು, ರಾಗ ಹಚ್ಚಿ, 'ಕಿತಾಬ್-ಎ-ನವರಸ' ಎಂದು ಹೆಸರಿಟ್ಟ. ಅದರಲ್ಲಿ ಸರಸ್ವತಿ ಇದ್ದಾಳೆ, ಗಣಪತಿ ಇದ್ದಾನೆ, ಗುಲಬರ್ಗಾದ ಬಂದೇನವಾಜರಿದ್ದಾರೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಕರೆದ. ಅರಸನಾದರೂ ಬೇರೆಯವರ ಹಾಡು ಹಾಡಿ ಕೂಡಲಿಲ್ಲ. 1624ರಲ್ಲಿ ಮಲಿಕ್ ಅಂಬರನ ದಂಡು ನವರಸಪುರ ಹಾಳುಮಾಡಿತು. ಆ ಊರಿನ ಹೆಸರಿನಲ್ಲಿ ನಡೆಯುವ ಉತ್ಸವವೂ ವರ್ಷ ತಪ್ಪದೆ ನಡೆದದ್ದಿಲ್ಲ. ನಡೆದಾಗ ದೂರದಿಂದ ಬರುವ ದೊಡ್ಡ ಕಲಾವಿದರಿಗೆ ಮುಖ್ಯ ವೇಳೆ, ಊರಿನವರಿಗೆ ಖಾಲಿ ಕುರ್ಚಿಯ ವೇಳೆ. ಹಿತ್ತಲ ಗಿಡ ಮದ್ದಲ್ಲ ಎಂಬುದು ಉತ್ಸವಗಳಿಗೆ ಬರೆದ ಗಾದೆಯೇ ಇರಬೇಕು.

ಕೇಳುವುದೇನೂ ದೊಡ್ಡದಿಲ್ಲ. ಉತ್ಸವವಾಗಲಿ, ಸಿದ್ಧೇಶ್ವರ ಜಾತ್ರೆಯಾಗಲಿ, ಟಿಕೋಟಾ–ಬಬಲೇಶ್ವರ ಕಡೆಯ ಊರ ಜಾತ್ರೆಯಾಗಲಿ, ರಾತ್ರಿ ಒಂಬತ್ತರ ಸುಮಾರಿಗೆ, ಜನ ಕೂತಿರುವಾಗ, ಅರ್ಧ ತಾಸು. ಆ ಅರ್ಧ ತಾಸಿನಲ್ಲಿ ಸಿನಿಮಾ ಹಾಡು ಬಂದ್. ಈ ಜಿಲ್ಲೆಯವರು ಈ ಜಿಲ್ಲೆಯಲ್ಲಿ ಕಟ್ಟಿದ ಪದ ಮಾತ್ರ, ಗಿಟಾರಿನದಾಗಲಿ ತುಂತುಣಿಯದಾಗಲಿ. ಆರ್ಕೆಸ್ಟ್ರಾಕ್ಕೆ ಇಟ್ಟ ರೊಕ್ಕದಲ್ಲೇ ಅದರ ಪಾಲು ಕೊಡಬೇಕು. ಶಾಲು ಹೊದಿಸಿ ಕಳಿಸುವುದು ನಡೆಯದು. ಕಂದಗಲ್ಲ ಹನುಮಂತರಾಯರ ಹೆಸರಿನ ರಂಗಮಂದಿರ ಕಾರ್ಯಕ್ರಮವಿಲ್ಲದ ಸಂಜೆಗಳಲ್ಲಿ ತಾಲೀಮಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಡ್ರಮ್ಮು ಬಾರಿಸಿದರೆ ಓಣಿಯವರು ಸುಮ್ಮನೆ ಬಿಟ್ಟಾರೆಯೆ?

"ಮಂದಿ ಎದ್ದು ಹೋಗ್ತಾರ್ರೀ, ಸೀಟಿ ಹೊಡೀತಾರ" ಎಂಬುದು ಕಮಿಟಿಯವರ ಜವಾಬು. ಹೊಡೆಯಲಿ. ಸವಾಲಿಗೆ ಜವಾಬು ಬಾರದ ಗೀಗೀ ಮೇಳದವರನ್ನೂ ಹಿಂಗೇ ಇಳಿಸುತ್ತಿದ್ದರು. ಇಳಿದವರು ಮುಂದಿನ ಜಾತ್ರೆಗೆ ಹೊಸ ಪದ ಕಟ್ಟಿಕೊಂಡು ಬರುತ್ತಿದ್ದರು.